ಉಪ್ಪುನೀರಿಗೆ ಕಟ್ಟೆ ಕಟ್ಟಿದವರ ಊರು

ಮೇ ತಿಂಗಳ ಕೊನೆಯ ವಾರಗಳಲ್ಲಿ ಒಂದು ದಿನ ನಸುಕಿಗೇ ಎದ್ದು ಪುಣೆಯ ವಾಕಡದ ಸೇತುವೆಯ ಬಳಿ ಬಸ್ಸಿಗೆ ಕಾಯುವುದು ನನಗೆ ವರ್ಷಗಳ ರೂಢಿ. ಹಿಂಜವಾಡಿಯ ಐಟಿ ಪಾರ್ಕಿನಲ್ಲಿ ದುಡಿಯುವ ನಮ್ಮ ಕಡೆಯವರು ಇನ್ನೂ ಒಬ್ಬಿಬ್ಬರು ಅಲ್ಲಿ ಸಿಗುತ್ತಾರೆ. ಬಸ್ಸು ನಿಂತ ಕೂಡಲೇ ಕ್ಲೀನರ್ ಡಿಕ್ಕಿ ತೆಗೆದು ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಯೊಂದನ್ನು ಕೈಗೆ ಕೊಡುತ್ತಾನೆ. ಅದನ್ನು ಬಿಚ್ಚುವುದೇ ಬೇಡ, ರಿಕ್ಷಾದೊಳಗೆ ವಾಸನೆ ತುಂಬಿರುತ್ತದೆ. ಭತ್ತದ ಹುಲ್ಲಿನ ಮೇಲೆ ಸಾಲಾಗಿ ಮಲಗಿಸಿದ, ಉತ್ತರ ಕನ್ನಡದ ಅಂಕೋಲೆಯ ಕರಿ ಇಶಾಡ ಮಾವು.

ಪ್ರತಿ ಸಲವೂ ನಾಲ್ಕಾರು ಹಣ್ಣು ಒಡೆದೇ ಇರುತ್ತವೆ. ಸಿಪ್ಪೆ ಅಷ್ಟು ತೆಳು. ಜೋರಾಗಿ ಹಿಡಿದರೆ ಬೆರಳಿನ ಗುರುತು ಮೂಡುತ್ತದೆ, ಎರಡು ದಿನ ಬಿಟ್ಟರೆ ಕಪ್ಪಾಗುತ್ತದೆ. ಒಳಗೆ ಮಾತ್ರ ನಾರಿಲ್ಲದ ದಪ್ಪ ತಿರುಳು. ಅದರ ಸಿಹಿಗೆ ಹುಳಿಯ ಸೋಂಕೇ ಇಲ್ಲ. ಸಿಪ್ಪೆ ದಪ್ಪಗಿರುವ ಬಿಳಿ ಇಶಾಡವೂ ಇದೆ, ಆದರೆ ಊರವರ ಪ್ರೀತಿ ಕರಿಯದರ ಮೇಲೆಯೇ. ದೂರದ ಪಯಣ ತಾಳದ ಈ ಹಣ್ಣು ರತ್ನಾಗಿರಿಯ ಆಪೂಸಿನಂತೆ ಪೇಟೆ ಗೆಲ್ಲಲಿಲ್ಲ. 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ ಮೇಲೆ ಹೊರಗಿನವರೂ ಹೆಸರು ಕೇಳತೊಡಗಿದ್ದಾರೆ.

ಹಣ್ಣು ತಿಂದ ಮರಾಠಿ ಗೆಳೆಯರು ಪ್ರತಿ ವರ್ಷ ಕೇಳುವುದು ಒಂದೇ ಪ್ರಶ್ನೆ: ನಿಮ್ಮೂರು ಗೋಕರ್ಣದ ಹತ್ತಿರದ ಬೀಚಿನ ಊರಲ್ಲವೇ? ಗೋಕರ್ಣದ ಹತ್ತಿರ ಹೌದು. ಬೀಚೂ ಇದೆ. ಆದರೆ ಅಂಕೋಲೆಯನ್ನು ಬೀಚಿನ ಊರು ಎಂದರೆ ನನಗೆ ಒಪ್ಪಿಗೆಯಾಗುವುದಿಲ್ಲ. ಕಡಲ ಪಕ್ಕದಲ್ಲೇ ಕೂತು ಬೇಸಾಯ ಮಾಡಿದ ಊರು ಅದು. ಕಡಲಿನೊಂದಿಗೆ ಜಗಳವಾಡುತ್ತ, ರಾಜಿಯಾಗುತ್ತ ಒಂದೊಂದು ಗದ್ದೆಯನ್ನು ಉಳಿಸಿಕೊಂಡ ಊರು.

ಭೂಪಟದಲ್ಲಿ ನೋಡಿದರೆ ಸಹ್ಯಾದ್ರಿ ಇಲ್ಲಿ ಕಡಲಿಗೆ ಬಹಳ ಹತ್ತಿರ ಬಂದುಬಿಟ್ಟಿದೆ. ನಡುವೆ ಉಳಿದದ್ದು ಕಿರಿದಾದ ಪಟ್ಟಿ. ಪಂಜಾಬಿನ ಸಂಗ್ರೂರಿನಲ್ಲಿ ಹೊರಟ 52ನೇ ರಾಷ್ಟ್ರೀಯ ಹೆದ್ದಾರಿ ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಇಲ್ಲಿಗೇ ಬಂದು ಮುಗಿಯುತ್ತದೆ. ಧಾರವಾಡದ ಕಡೆ ಹುಟ್ಟಿ, ಬೇಡ್ತಿ ಎನ್ನಿಸಿಕೊಂಡು ಮಾಗೋಡಿನಲ್ಲಿ ಧುಮುಕುವ ಹೊಳೆ ಘಟ್ಟದ ಕೆಳಗೆ ಗಂಗಾವಳಿಯಾಗಿ ಮಂಜಗುಣಿಯ ಬಳಿ ಕಡಲು ಸೇರುತ್ತದೆ. ಆಚೆ ದಡ ಕುಮಟಾ ತಾಲ್ಲೂಕು, ಗೋಕರ್ಣದ ಸೀಮೆ.

ಹೊಳೆ ಕಡಲು ಸೇರುವಲ್ಲಿ ಉಬ್ಬರದ ನೀರು ಮೈಲಿಗಟ್ಟಲೆ ಒಳಗೆ ಬರುತ್ತದೆ. ಆ ತಗ್ಗು ನೆಲಕ್ಕೆ ನಮ್ಮಲ್ಲಿ ಗಜನಿ ಎನ್ನುತ್ತಾರೆ. ಗಂಗಾವಳಿಗೂ ಗಜನಿಯಿದೆ, ತೆಂಕಣ ಅಘನಾಶಿನಿಗೂ ಇದೆ. ಈ ನೆಲದ ಬೇಸಾಯವನ್ನು ಹಿಂಜವಾಡಿಯ ಕ್ಯಾಂಟೀನಿನಲ್ಲಿ ವಿವರಿಸುವಾಗ ನಾನು ಪ್ರತಿ ಸಲ ಉಪ್ಪಿನ ಡಬ್ಬಿ, ನೀರಿನ ಲೋಟ ಎರಡನ್ನೂ ಮುಂದಿಟ್ಟುಕೊಳ್ಳುತ್ತೇನೆ. ಹೊಳೆಯಂಚಿಗೆ ಮಣ್ಣಿನ ಕಟ್ಟೆ. ಕಟ್ಟೆಯಲ್ಲಿ ಅಲ್ಲಲ್ಲಿ ಹಲಗೆಯ ಬಾಗಿಲು. ಅದಕ್ಕೆ ಜಂತ್ರಡಿ ಎಂದು ಹೆಸರು. ಮಳೆಗಾಲದಲ್ಲಿ ಇಳಿತದ ಹೊತ್ತಿಗೆ ಬಾಗಿಲು ತೆಗೆದರೆ ಗದ್ದೆಯ ನೀರು ಹೊರಗೆ ಹೋಗುತ್ತದೆ, ಉಬ್ಬರಕ್ಕೆ ಮುಚ್ಚಿದರೆ ಉಪ್ಪುನೀರು ಒಳಗೆ ಬರುವುದಿಲ್ಲ. ಮೊದಲ ಮಳೆಗಳು ಮಣ್ಣಿನ ಉಪ್ಪನ್ನು ತೊಳೆಯುತ್ತವೆ. ಆಮೇಲೆ ಬಿತ್ತುವುದು ಕಗ್ಗ ಎಂಬ ಭತ್ತ. ಆಳೆತ್ತರ ಬೆಳೆಯುವ ಈ ತಳಿ ಉಪ್ಪನ್ನೂ ತಾಳುತ್ತದೆ, ದಿನಗಟ್ಟಲೆ ನೀರೊಳಗೆ ಮುಳುಗಿದರೂ ಮತ್ತೆ ತಲೆಯೆತ್ತುತ್ತದೆ. ಗೊಬ್ಬರ ಬೇಡ, ಔಷಧ ಬೇಡ. ಕೊಯ್ಲಿಗೆ ತೆನೆ ಮಾತ್ರ ಕತ್ತರಿಸಿ ಹುಲ್ಲನ್ನು ನೀರಲ್ಲೇ ಬಿಡುತ್ತಾರೆ. ಮಳೆ ಕಳೆದು ಜಂತ್ರಡಿ ತೆಗೆದಾಗ ಉಪ್ಪುನೀರಿನ ಜೊತೆ ಬಂದ ಸಿಗಡಿ, ಏಡಿ, ಮೀನಿಗೆ ಆ ಕೊಳೆತ ಹುಲ್ಲೇ ಆಹಾರ. ಅದೇ ಗದ್ದೆಯಲ್ಲಿ ಆರು ತಿಂಗಳು ಅಕ್ಕಿ, ಆರು ತಿಂಗಳು ಮೀನು.

ಇದು ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಕಟ್ಟೆ ಒಂದು ಕಡೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪು ನುಗ್ಗುತ್ತದೆ. ಬೇಸಿಗೆಯಲ್ಲಿ ಎಲ್ಲ ಮನೆಯವರೂ ಕೆಸರು ಹೊತ್ತು ಕಟ್ಟೆ ಗಟ್ಟಿಮಾಡಬೇಕು. ಒಬ್ಬರ ಪಕ್ಕ ಒಬ್ಬರು ನಿಲ್ಲುವ ಅಭ್ಯಾಸ ನಮ್ಮವರಿಗೆ ಬಂದದ್ದು ಈ ಕೆಸರಿನಿಂದ ಎಂದು ನಾನು ನಂಬಿದ್ದೇನೆ. ಇಲ್ಲದಿದ್ದರೆ 1930ರಲ್ಲಿ ನಡೆದದ್ದನ್ನು ಅರ್ಥಮಾಡಿಕೊಳ್ಳುವುದು ಕಷ್ಟ.

ಆಗ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಗಾಂಧೀಜಿ ದಾಂಡಿಯಲ್ಲಿ ಉಪ್ಪು ಹಿಡಿದ ಒಂದೇ ವಾರಕ್ಕೆ, ಏಪ್ರಿಲ್ 13ರಂದು, ಎಂ.ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಅಂಕೋಲೆಯ ಜನ ಉಪ್ಪಿನ ಕಾಯ್ದೆ ಮುರಿದರು. ಕಡಲನೀರು ಕಾಸಿ ಉಪ್ಪು ತೆಗೆಯುವುದು ಇಲ್ಲಿಯವರಿಗೆ ಹೊಸದಾಗಿರಲಿಲ್ಲ. ಉಪ್ಪು ಮಾಡುವುದನ್ನೇ ಕುಲಕಸುಬು ಮಾಡಿಕೊಂಡ ಆಗೇರರು ಇದೇ ತಾಲ್ಲೂಕಿನವರು. ತಮ್ಮ ಗದ್ದೆಗೆ ಬರದಂತೆ ತಡೆದ ಅದೇ ಉಪ್ಪನ್ನು ಅಂದು ಜನ ಹಕ್ಕೆಂದು ಎತ್ತಿ ಹಿಡಿದರು.

ಉಪ್ಪಿಗಿಂತ ಕಠಿಣವಾದದ್ದು ಆಮೇಲಿನ ಕರನಿರಾಕರಣೆ. ಸೂರ್ವೆ, ಕಣಗಿಲ, ಹಿಚ್ಕಡದಂಥ ಊರುಗಳಲ್ಲಿ ನಾಡವ ಸಮುದಾಯದವರೂ ಇತರ ರೈತರೂ ಸರ್ಕಾರಕ್ಕೆ ಭೂಕಂದಾಯ ಕೊಡುವುದಿಲ್ಲ ಎಂದು ನಿಂತರು. ಘಟ್ಟದ ಮೇಲೆ ಸಿದ್ದಾಪುರದವರೂ ಹಾಗೆಯೇ ನಿಂತಿದ್ದರು. ಪಾತ್ರೆ ಪರಡಿ ಜಪ್ತಿಯಾಯಿತು, ದನ ಹೋಯಿತು, ಕೊನೆಗೆ ಜಮೀನೂ ಹೋಯಿತು. ತಲೆಮಾರುಗಳಿಂದ ಕಟ್ಟೆ ಕಟ್ಟಿ ಉಳಿಸಿದ ಗದ್ದೆಯಲ್ಲಿ ಇನ್ನೊಬ್ಬರು ಕೊಯ್ಲು ಮಾಡುವುದನ್ನು ನೋಡುತ್ತ ನಿಲ್ಲುವ ಸಂಕಟ ಎಂಥದ್ದೆಂದು ರೈತರ ಮನೆಯಲ್ಲಿ ಹುಟ್ಟಿದವರಿಗೆ ಹೇಳಬೇಕಾಗಿಲ್ಲ. ಆದರೂ ಅವರು ಬಗ್ಗಲಿಲ್ಲ. 1934ರಲ್ಲಿ ಗಾಂಧೀಜಿಯೇ ಅಂಕೋಲೆಗೆ ಬಂದರು. 1937ರಲ್ಲಿ ಪ್ರಾಂತದಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ ಜಮೀನು ಹಿಂದಕ್ಕೆ ಸಿಕ್ಕಿತು. ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಊರಿಗೆ ಬಂದದ್ದು ಹೀಗೆ.

ಪುಣೆಯಲ್ಲಿರುವ ನನಗೆ ಇನ್ನೊಂದು ಕೊಂಡಿ ಬಹಳ ಹತ್ತಿರದ್ದು. ಹಿಂಜವಾಡಿಯಿಂದ ಪೇಟೆಯೊಳಗೆ ಹೋದರೆ, ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಕಟ್ಟಿದ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯ ಕಲ್ಲಿನ ಕಟ್ಟಡ ಸಿಗುತ್ತದೆ. 1909ರಲ್ಲಿ ಹುಟ್ಟಿದ, ಅಂಕೋಲೆಯ ಅಲಗೇರಿಯ ಹುಡುಗನೊಬ್ಬ ಬೆಳೆದು ಆ ಸೊಸೈಟಿಗೆ ಬಾಳನ್ನು ಕೊಟ್ಟ. ಅವರೇ ದಿನಕರ ದೇಸಾಯಿ. ಚುಟುಕಗಳಿಂದ ನಾಡಿಗೆಲ್ಲ ಪರಿಚಿತರು. ಊರಿಗೆ ಅವರು ಮೊದಲು ರೈತರ ಪರ ನಿಂತವರು. ಸರ್ಕಾರದೊಡನೆ ಹೋರಾಡಿ ಗೆದ್ದ ಊರಿನಲ್ಲೂ ಒಡೆಯ ಮತ್ತು ಗೇಣಿದಾರರ ನಡುವಿನ ಅನ್ಯಾಯ ಹಾಗೇ ಉಳಿದಿತ್ತು. ಗೇಣಿದಾರರನ್ನು ಸಂಘಟಿಸಿದ್ದಕ್ಕೆ 1940ರಲ್ಲಿ ಅವರನ್ನು ಸ್ವಂತ ಜಿಲ್ಲೆಯಿಂದಲೇ ಗಡಿಪಾರು ಮಾಡಿದರು. ಮುಂದೆ 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಜಿಲ್ಲೆಯ ಉದ್ದಕ್ಕೂ ಶಾಲೆ ತೆರೆದರು. ಗೋಖಲೆಯವರ ನೂರನೇ ವರ್ಷಕ್ಕೆ, 1966ರಲ್ಲಿ, ಅಂಕೋಲೆಯಲ್ಲಿ ಗೋಖಲೆ ಸೆಂಟಿನರಿ ಕಾಲೇಜು ಬಂತು. ಉಳುವವರ ಮಕ್ಕಳು ಡಿಗ್ರಿ ಮಾಡಿದ್ದು, ನಮ್ಮಂಥವರು ಇಷ್ಟು ದೂರ ಬಂದದ್ದು ಆ ಬಾಗಿಲಿನಿಂದ. ಆ ಕಲ್ಲಿನ ಕಟ್ಟಡದ ಮುಂದೆ ಹಾಯುವಾಗ ನಾನು ಇಂದಿಗೂ ಗಾಡಿ ನಿಧಾನ ಮಾಡುತ್ತೇನೆ.

ಓದು ಬರಹವಿಲ್ಲದೆಯೂ ಊರಿನ ಹೆಸರು ಎತ್ತಿದವರು ಹಾಲಕ್ಕಿ ಒಕ್ಕಲು ಸಮುದಾಯದ ಇಬ್ಬರು ಹೆಂಗಸರು. ಕೊರಳ ತುಂಬ ಮಣಿಸರ, ಬೆನ್ನು ತೆರೆದಂತೆ ಉಟ್ಟ ಸೀರೆ, ತಲೆಯ ಮೇಲೆ ಹರಿವೆ ಬಸಳೆಯ ಬುಟ್ಟಿ: ಅಂಕೋಲೆಯ ಪೇಟೆಯ ಬೆಳಗು ಇವರಿಲ್ಲದೆ ಆಗುತ್ತಿರಲಿಲ್ಲ. ಬಡಗೇರಿಯ ಸುಕ್ರಿ ಬೊಮ್ಮಗೌಡರು ಸಮುದಾಯದ ಹಾಡುಗಳನ್ನೆಲ್ಲ ನೆನಪಲ್ಲಿ ಹೊತ್ತವರು, ಸಾರಾಯಿ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ಹೋರಾಡಿದವರು. 2017ರಲ್ಲಿ ಪದ್ಮಶ್ರೀ ಬಂತು. ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ಸೇರಿ, ಯಾವ ಮರದ ಬೀಜ ಯಾವಾಗ ಆರಿಸಬೇಕು, ಹೇಗೆ ಮೊಳೆಸಬೇಕು ಎಂಬುದನ್ನು ಕೈಯಿಂದಲೇ ಕಲಿತವರು. 2021ರಲ್ಲಿ ಅದೇ ಪ್ರಶಸ್ತಿ ಪಡೆಯಲು ರಾಷ್ಟ್ರಪತಿ ಭವನದ ಹಾಸಿನ ಮೇಲೆ ಅವರು ಬರಿಗಾಲಲ್ಲಿ ನಡೆದದ್ದನ್ನು ನಮ್ಮ ಆಫೀಸಿನವರೆಲ್ಲ ಮೊಬೈಲಿನಲ್ಲಿ ನೋಡಿದರು. ಇವರು ನಮ್ಮ ಊರಿನವರು ಎಂದಾಗ ನನ್ನ ಗಂಟಲು ಕಟ್ಟಿತ್ತು. 2024ರ ಡಿಸೆಂಬರಿನಲ್ಲಿ ತುಳಸಿಯವರೂ, ಎರಡೇ ತಿಂಗಳಿಗೆ ಸುಕ್ರಿಯವರೂ ಹೋದರು.

ಈಗ ಆ ಕಿರಿದಾದ ಪಟ್ಟಿಗೆ ಬೇಡಿಕೆ ಬಹಳ. ನೌಕಾನೆಲೆಗೆ ಕಾರವಾರ, ಅಂಕೋಲೆಯ ಹಲವು ಊರುಗಳು ಎದ್ದುಹೋದವು. ವಿಮಾನ ನಿಲ್ದಾಣಕ್ಕೆ ಹೋಗುತ್ತಿರುವುದು ದಿನಕರ ದೇಸಾಯಿಯವರ ಅಲಗೇರಿಯ ಗದ್ದೆ ತೋಟ. ಕೇಣಿಯಲ್ಲಿ ಬಂದರು ಬೇಡವೆಂದು ಮೀನುಗಾರರು ಬೀದಿಗಿಳಿದಿದ್ದಾರೆ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದು ಮನುಷ್ಯರನ್ನೂ ಲಾರಿಯನ್ನೂ ಗಂಗಾವಳಿಗೆ ದೂಡಿತು. ಅನೇಕ ಗಜನಿಗಳಲ್ಲಿ ಭತ್ತ ನಿಂತು ಸಿಗಡಿ ಕೃಷಿ ಬಂತು, ಕೆಲವು ಪಾಳು ಬಿದ್ದಿವೆ. ಅಭಿವೃದ್ಧಿಯ ಸಂಬಳ ತಿನ್ನುವ ನಾನು ಇದನ್ನು ಹೇಳುವಾಗ ಎದೆ ಭಾರವಾಗುತ್ತದೆ. ನಾನು ದಿನವೂ ಲಿಫ್ಟ್ ಹತ್ತುವ ಈ ಹಿಂಜವಾಡಿ ಮೂವತ್ತು ವರ್ಷದ ಹಿಂದೆ ಮುಳಶಿ ತಾಲ್ಲೂಕಿನ ಬೇಸಾಯದ ಹಳ್ಳಿ. ಮ್ಹಾತೋಬಾ ದೇವರ ಜಾತ್ರೆಯ ದಿನ, ಗಾಜಿನ ಕಟ್ಟಡಗಳ ನಡುವೆ ಹಳೆಯ ಒಕ್ಕಲಿನವರೆಲ್ಲ ರುಮಾಲು ಸುತ್ತಿ ಬಂದಾಗ ಮಾತ್ರ ಆ ಹಳ್ಳಿ ಕಣ್ಣಿಗೆ ಬೀಳುತ್ತದೆ. ಗದ್ದೆ ಎಲ್ಲಿತ್ತೆಂದು ಅವರಿಗೆ ಇನ್ನೂ ನೆನಪಿದೆ. ಕಾರು ನಿಲ್ಲಿಸುವ ಜಾಗ ತೋರಿಸಿ ಒಬ್ಬ ಅಜ್ಜ, ಇಲ್ಲಿ ನಮ್ಮ ಭತ್ತದ ಕಣ ಇತ್ತು ಎಂದಿದ್ದರು.

ಪೆಟ್ಟಿಗೆ ಸಿಕ್ಕಿತೆಂದು ಹೇಳಲು ಈ ಸಲ ಮಾವನಿಗೆ ಫೋನ್ ಮಾಡಿದೆ. ಎಷ್ಟು ಒಡೆದವು ಎಂದು ಕೇಳಿದರು. ಐದು ಎಂದೆ. "ಅವನ್ನ ಮೊದಲು ತಿನ್ನು" ಎಂದರು. ಹೆಚ್ಚು ಮಾತಾಡಲು ಅವರಿಗೆ ಪುರಸತ್ತಿರಲಿಲ್ಲ. ಮಳೆ ಬರುವುದರೊಳಗೆ ಜಂತ್ರಡಿಯ ಒಂದು ಹಲಗೆ ಬದಲಿಸಬೇಕಿತ್ತು, ಬಡಗಿ ಬಂದು ಕಟ್ಟೆಯ ಮೇಲೆ ಕಾಯುತ್ತಿದ್ದ.