ಪೂರಕ ಆಹಾರದ ಬಣ್ಣ: ಅಳೆದುದನ್ನೇ ನಂಬಿರಿ

ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳ ಹಿತ್ತಿಲುಗಳಲ್ಲಿ ನುಗ್ಗೆ, ಬಸಳೆ, ಪಪ್ಪಾಯಿ, ಅರಸಿನ, ಪುನರ್ಪುಳಿಗಳು ಸಮೃದ್ಧವಾಗಿ ಬೆಳೆಯುತ್ತವೆ. ಆದರೂ ಮನೆಯಾಕೆ ಗರ್ಭಿಣಿಯಾದಾಗ, ಪುಷ್ಟಿ ಬರುವುದೆಂದು ನಂಬಿ ಪೇಟೆಯ ಬಣ್ಣಬಣ್ಣದ ಪುಡಿ, ಮಾತ್ರೆಗಳನ್ನು ತರುವ ದಂಪತಿಗಳಿದ್ದಾರೆ. ಬಣ್ಣವು ಗಾಢವಾಗಿದ್ದರೆ ಸತ್ತ್ವವೂ ಅಧಿಕವೆಂದು ತಿಳಿಯುವುದು ಸರಿಯಲ್ಲ.

ಬಣ್ಣದಲ್ಲಿ ಇರುವುದೇನು?

ಸಸ್ಯಗಳ ಬಣ್ಣಕ್ಕೆ ಕಾರಣವಾದ ವಸ್ತುಗಳೇ ವರ್ಣದ್ರವ್ಯಗಳು. ಅರಸಿನದ ಹಳದಿಗೆ ಕುರ್ಕುಮಿನ್, ಪುನರ್ಪುಳಿಯ ಕೆಂಪಿಗೆ ಆಂಥೋಸಯನಿನ್ ಕಾರಣ. ಮಾಗಿದ ಪಪ್ಪಾಯಿಯಲ್ಲಿಯೂ ನುಗ್ಗೆಸೊಪ್ಪಿನಲ್ಲಿಯೂ ಬೀಟಾ-ಕ್ಯಾರೊಟಿನ್ ಇದೆ. ಸೊಪ್ಪಿನಲ್ಲಿ ಅದು ಹಸಿರಿನ ಮರೆಯಲ್ಲಿರುವುದರಿಂದ ಕಾಣುವುದಿಲ್ಲ. ಇದನ್ನು ದೇಹವು ‘ಎ’ ಜೀವಸತ್ತ್ವವಾಗಿ ಮಾರ್ಪಡಿಸಿಕೊಳ್ಳುತ್ತದೆ.

ಪರೀಕ್ಷೆಯ ಕ್ರಮ

ಪ್ರಯೋಗಾಲಯದಲ್ಲಿ ಮಾದರಿಯನ್ನು ತೂಗಿ, ತಕ್ಕ ದ್ರಾವಕದಲ್ಲಿ ವರ್ಣದ್ರವ್ಯವನ್ನು ಕರಗಿಸಿ, ಆ ದ್ರಾವಣದ ಮೂಲಕ ಬೆಳಕನ್ನು ಹಾಯಿಸುತ್ತಾರೆ. ಕುರ್ಕುಮಿನ್ ಸುಮಾರು 425 ನ್ಯಾನೊಮೀಟರ್, ಬೀಟಾ-ಕ್ಯಾರೊಟಿನ್ ಸುಮಾರು 450 ನ್ಯಾನೊಮೀಟರ್ ಅಲೆಯುದ್ದದ ಬೆಳಕನ್ನು ಹೆಚ್ಚಾಗಿ ಹೀರುತ್ತವೆ. ಹೀರಲ್ಪಟ್ಟ ಬೆಳಕಿನಿಂದ ಪ್ರಮಾಣವು ತಿಳಿಯುತ್ತದೆ. ಕೃತಕ ಬಣ್ಣವೂ ಬೆಳಕನ್ನು ಹೀರಬಲ್ಲುದಾದ ಕಾರಣ, ಕ್ರೊಮ್ಯಾಟೊಗ್ರಫಿ ಎಂಬ ವಿಧಾನದಿಂದ ಒಂದೊಂದು ದ್ರವ್ಯವನ್ನೂ ಬೇರ್ಪಡಿಸಿ ಅಳೆಯುತ್ತಾರೆ. ಪುನರ್ಪುಳಿಯ ಕೆಂಪು ಆಮ್ಲತೆಯೊಡನೆ ಬದಲಾಗುತ್ತದೆ; ಈ ಗುಣವೇ ಅದರ ಅಳತೆಗೆ ಆಧಾರ. ಇಂತಹ ವಿಶ್ಲೇಷಣೆಯನ್ನು ಮೈಸೂರಿನಲ್ಲಿ 1950ರಲ್ಲಿ ಸ್ಥಾಪಿತವಾದ ಸಿ.ಎಫ್.ಟಿ.ಆರ್.ಐ. ಸಂಸ್ಥೆಯೂ ನಡೆಸುತ್ತದೆ.

ಅಳತೆ ಏಕೆ ಮುಖ್ಯ?

ಹಳದಿ ಹೊಳೆಯಲೆಂದು ಅರಸಿನಕ್ಕೆ ಸೀಸದ ಕ್ರೋಮೇಟ್ ಬೆರೆಸುವ ವಂಚಕರುಂಟು. ಸೀಸವು ತಾಯಿಯ ರಕ್ತದಿಂದ ಗರ್ಭಸ್ಥ ಶಿಶುವನ್ನು ಸೇರಿ ಮಿದುಳಿನ ಬೆಳವಣಿಗೆಗೆ ಹಾನಿಮಾಡುತ್ತದೆ. ಸಿದ್ಧರೂಪದ ‘ಎ’ ಜೀವಸತ್ತ್ವವು ದಿನಕ್ಕೆ 10,000 ಯೂನಿಟ್ ಮೀರಿದರೆ ಶಿಶುವಿನ ಅಂಗರಚನೆಗೆ ಅಪಾಯವಿದೆ. ಸೊಪ್ಪು, ಹಣ್ಣುಗಳ ಕ್ಯಾರೊಟಿನ್‌ನಿಂದ ಆ ಭಯವಿಲ್ಲ. ಗಂಡಂದಿರೂ ಗಮನಿಸಬೇಕು: ಫಿನ್ಲೆಂಡಿನಲ್ಲಿ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 20 ಮಿಲಿಗ್ರಾಂ ಬೀಟಾ-ಕ್ಯಾರೊಟಿನ್ ಮಾತ್ರೆ ಸೇವಿಸಿದ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಹೆಚ್ಚಾಯಿತು. ಬೀಡಿ ಸೇದುವವರು ಇಂತಹ ಮಾತ್ರೆಯನ್ನು ತಾವಾಗಿ ಕೊಳ್ಳಬಾರದು.

ನೀವು ಮಾಡಬೇಕಾದುದು

1. ಡಬ್ಬಿಯ ಮೇಲೆ 14 ಅಂಕೆಗಳ ಆಹಾರ ಪರವಾನಗಿ ಸಂಖ್ಯೆ ಮತ್ತು ಸತ್ತ್ವದ ಪ್ರಮಾಣವನ್ನು ಓದಿ ಕೊಳ್ಳಿರಿ.

2. ಒಂದು ಲೋಟ ನೀರಿಗೆ ಒಂದು ಚಮಚ ಅರಸಿನಪುಡಿ ಹಾಕಿರಿ. ಶುದ್ಧ ಪುಡಿಯು ತಿಳಿಹಳದಿ ಬಿಟ್ಟು ತಳಕ್ಕಿಳಿಯುತ್ತದೆ. ನೀರು ಕಡುಹಳದಿಯಾದರೆ ಸಂಶಯಪಡಿರಿ. ಇದು ಸೂಚನೆ ಮಾತ್ರ, ನಿರ್ಣಯವು ಪ್ರಯೋಗಾಲಯದ್ದು.

3. 2006ರ ಆಹಾರ ಸುರಕ್ಷತಾ ಕಾಯಿದೆಯ 40ನೇ ಕಲಮಿನಂತೆ, ಕೊಂಡವರೇ ಶುಲ್ಕ ತೆತ್ತು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕೊಳ್ಳುವಾಗಲೇ ಅಂಗಡಿಯವರಿಗೆ ಇದನ್ನು ತಿಳಿಸಬೇಕು. ದೋಷವು ಸಿದ್ಧವಾದರೆ ಶುಲ್ಕ ಮರಳಿ ದೊರೆಯುತ್ತದೆ.

4. ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಬಿಡಬೇಡಿರಿ. ಬಣ್ಣದ ಪುಡಿ ಅದಕ್ಕೆ ಬದಲಿಯಲ್ಲ.

5. ನುಗ್ಗೆ, ಬಸಳೆಗಳನ್ನು ತೆಂಗಿನಕಾಯಿ ಅಥವಾ ಎಣ್ಣೆಯೊಡನೆ ಬೇಯಿಸಿ ಉಣ್ಣಿರಿ. ಕೊಬ್ಬಿನಂಶವಿದ್ದರೆ ಕ್ಯಾರೊಟಿನ್ ದೇಹಕ್ಕೆ ಚೆನ್ನಾಗಿ ಸೇರುತ್ತದೆ.

ಹಿತ್ತಿಲ ಸೊಪ್ಪು ನಿತ್ಯದ ಊಟಕ್ಕಿರಲಿ. ಡಬ್ಬಿಯ ಮಾತ್ರೆ ವೈದ್ಯರ ಸಲಹೆಗಿರಲಿ. ತಾಯಿಯ ತಟ್ಟೆ ಶುದ್ಧವಾಗಿದ್ದರೆ ಮಗುವಿನ ಆರೋಗ್ಯಕ್ಕೆ ಅದೇ ಮೊದಲ ರಕ್ಷೆ.