ಕಷಾಯಕ್ಕೂ ಪರೀಕ್ಷೆ ಉಂಟು!



ಕೊರಿಯಾ ಎಂದೊಡನೆ ನಿಮ್ಮ ಮನಸ್ಸಿಗೆ ಬರುವುದು ಹಾಡು ಕುಣಿತದ ತಂಡಗಳು, ಟಿ.ವಿ. ಧಾರಾವಾಹಿಗಳು, ಕೈಯಲ್ಲಿರುವ ಮೊಬೈಲು, ರಸ್ತೆಯಲ್ಲಿ ಓಡುವ ಕಾರು. ನಿಮ್ಮಲ್ಲಿ ಕೆಲವರು ಆ ಭಾಷೆಯ ನಾಲ್ಕು ಮಾತುಗಳನ್ನೂ ಕಲಿತಿರಬಹುದು. ಆದರೆ ದಕ್ಷಿಣ ಕೊರಿಯಾದಲ್ಲಿ ಸೊಂಟನೋವು ಬಂದವನು ಎರಡು ಬಗೆಯ ಡಾಕ್ಟರುಗಳಲ್ಲಿ ಯಾರ ಬಳಿಗೆ ಬೇಕಾದರೂ ಹೋಗಬಹುದು ಎಂಬುದು ನಿಮಗೆ ಗೊತ್ತೆ? ಒಬ್ಬರು ನಮಗೆಲ್ಲ ಪರಿಚಿತರಾದ ಅಲೋಪತಿ ವೈದ್ಯರು. ಇನ್ನೊಬ್ಬರು ಸೂಜಿ ಚುಚ್ಚುವ, ಗಿಡಮೂಲಿಕೆಗಳ ಕಷಾಯ ಕೊಡುವ, ಕೈಯಿಂದಲೇ ಬೆನ್ನುಮೂಳೆ ಸರಿಪಡಿಸುವ ಕೊರಿಯಾ ವೈದ್ಯದ ಪಂಡಿತರು. ಇಬ್ಬರಿಗೂ ಕಾನೂನಿನ ಮನ್ನಣೆ ಇದೆ, ಇಬ್ಬರೂ 6 ವರ್ಷ ಕಾಲೇಜಿನಲ್ಲಿ ಓದಿ ರಾಷ್ಟ್ರಮಟ್ಟದ ಪರೀಕ್ಷೆ ಪಾಸು ಮಾಡಿದವರೇ.

"ಓಹೋ, ನಮ್ಮ ಆಯುರ್ವೇದದ ಹಾಗೆ!" ಎನ್ನುವಿರಾ? ಹೋಲಿಕೆ ಇದೆ. ಆದರೆ ಈ ಲೇಖನ ಬರೆಯಲು ಕಾರಣ ಬೇರೆ. ಹಳೆಯ ವೈದ್ಯವನ್ನು ಕೈಬಿಡದೆ, ಹಾಗೆಂದು ಕಣ್ಣುಮುಚ್ಚಿ ನಂಬಿಯೂ ಕೂರದೆ, ಅದನ್ನು ಪರೀಕ್ಷೆಗೆ ಕೂರಿಸಲು ಹೊರಟ ದೇಶ ಅದು. ಆ ಪರೀಕ್ಷೆಯಲ್ಲಿ ಕೆಲವು ಪಾಸಾಗಿವೆ, ಕೆಲವು ನಪಾಸಾಗಿವೆ, ಹಲವು ಇನ್ನೂ ಫಲಿತಾಂಶ ಕಾಯುತ್ತಿವೆ. ಆ ಕಥೆಯನ್ನು ಅರಿತರೆ, ಊರಿನಿಂದ ಅಜ್ಜಿ ಕಳಿಸಿಕೊಟ್ಟ ಚೂರ್ಣದ ಡಬ್ಬಿಯನ್ನೂ, ವಾಟ್ಸಾಪಿನಲ್ಲಿ ಹರಿದು ಬಂದ ಮದ್ದಿನ ಸುದ್ದಿಯನ್ನೂ ನೀವು ನೋಡುವ ಬಗೆ ಬದಲಾದೀತು.

ಯುದ್ಧದ ನಡುವೆ ಹುಟ್ಟಿದ ಗ್ರಂಥ

1596ರಲ್ಲಿ ಕೊರಿಯಾದ ರಾಜ ಸೊಂಜೊ ತನ್ನ ಆಸ್ಥಾನ ವೈದ್ಯ ಹೊ ಜುನ್‌ಗೆ ಒಂದು ಅಪ್ಪಣೆ ಕೊಟ್ಟ: ನಾಡಿಗೆಲ್ಲ ಉಪಯೋಗವಾಗುವಂಥ ಒಂದು ವೈದ್ಯಗ್ರಂಥ ಸಿದ್ಧವಾಗಬೇಕು. ಮರುವರ್ಷವೇ ಜಪಾನಿನ ಸೈನ್ಯ ಎರಡನೆಯ ಬಾರಿ ದಂಡೆತ್ತಿ ಬಂದು ಕೆಲಸ ಚೆಲ್ಲಾಪಿಲ್ಲಿಯಾಯಿತು. 1608ರಲ್ಲಿ ರಾಜ ತೀರಿಕೊಂಡಾಗ, ಉಳಿಸಲಿಲ್ಲವೆಂಬ ಅಪವಾದ ಹೊತ್ತು ಹೊ ಜುನ್ ಗಡೀಪಾರಾದ. ಆದರೂ ಬರೆಯುವುದನ್ನು ಬಿಡಲಿಲ್ಲ. 1610ರಲ್ಲಿ 25 ಸಂಪುಟಗಳ 'ದೋಂಗುಯಿ ಬೋಗಮ್' ಪೂರ್ಣಗೊಂಡಿತು, 1613ರಲ್ಲಿ ಅಚ್ಚಾಯಿತು. 2009ರಲ್ಲಿ ಯುನೆಸ್ಕೊ ಇದನ್ನು ತನ್ನ 'ವಿಶ್ವದ ಸ್ಮೃತಿ' ಪಟ್ಟಿಗೆ ಸೇರಿಸಿತು.

ಹೊರನಾಡಿನಲ್ಲಿ ಬೆಳೆದ ನಿಮಗೆ ಈ ಗ್ರಂಥದ ಒಂದು ಸಂಗತಿಯನ್ನು ಹೇಳಲೇಬೇಕು. ಅಂದಿನ ಪಂಡಿತರ ಭಾಷೆ ಚೀನೀ. ಗ್ರಂಥವೂ ಅದರಲ್ಲೇ ಇದೆ. ಆದರೆ ಔಷಧಿಗಳ ಭಾಗಕ್ಕೆ ಬಂದಾಗ ಹೊ ಜುನ್ ಆರುನೂರಕ್ಕೂ ಹೆಚ್ಚು ಮದ್ದುಗಳಿಗೆ ಜನ ಆಡುವ ಹೆಸರನ್ನು ಕೊರಿಯನ್ ಲಿಪಿಯಲ್ಲೇ ಬರೆದಿಟ್ಟ. ಯಾಕೆ ಗೊತ್ತೆ? ಹೊಲದ ಬದುವಿನಲ್ಲಿ ಬೆಳೆದ ಗಿಡವನ್ನು ಗುರುತಿಸಬೇಕಾದವನು ಹಳ್ಳಿಯವನು. ಹೆಸರು ತಪ್ಪಿದರೆ ಗಿಡ ತಪ್ಪುತ್ತದೆ, ಗಿಡ ತಪ್ಪಿದರೆ ಪ್ರಾಣವೇ ಹೋದೀತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಂಟು ವಿಭಾಗಗಳು

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಜಪಾನೀ ಆಳ್ವಿಕೆ ಈ ವೈದ್ಯವನ್ನು ಮೂಲೆಗೆ ತಳ್ಳಿತ್ತು. 1951ರ ಕಾನೂನು ಅದಕ್ಕೆ ಮತ್ತೆ ಪೂರ್ಣ ಸ್ಥಾನ ಕೊಟ್ಟಿತು. 1987ರಲ್ಲಿ ರಾಷ್ಟ್ರೀಯ ಆರೋಗ್ಯ ವಿಮೆ ಸೂಜಿ ಚಿಕಿತ್ಸೆ ಮೊದಲಾದವಕ್ಕೆ ಹಣ ಕೊಡತೊಡಗಿತು. 1994ರಲ್ಲಿ ಸರಕಾರವೇ ಸಂಶೋಧನೆಗಾಗಿ ಒಂದು ರಾಷ್ಟ್ರೀಯ ಸಂಸ್ಥೆಯನ್ನು ಸ್ಥಾಪಿಸಿತು. 2008ರಲ್ಲಿ ಪೂಸಾನ್ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲೂ ಈ ವೈದ್ಯದ ಶಾಲೆ ತೆರೆಯಿತು. ಅದಕ್ಕೆ ಮೊದಲಿದ್ದ 11 ಕಾಲೇಜುಗಳೂ ಖಾಸಗಿಯವು.

ಈಗ ಅಲ್ಲಿ ತಜ್ಞರಾಗಲು 8 ವಿಭಾಗಗಳಿವೆ: ಆಂತರಿಕ ವೈದ್ಯ, ಸ್ತ್ರೀರೋಗ, ಮಕ್ಕಳ ರೋಗ, ನರ ಮತ್ತು ಮನೋರೋಗ, ಸೂಜಿ ಚಿಕಿತ್ಸೆ, ಕಣ್ಣು-ಕಿವಿ-ಮೂಗು-ಗಂಟಲು-ಚರ್ಮ, ಪುನಶ್ಚೇತನ, ಕೊನೆಯದಾಗಿ 'ಸಾಸಾಂಗ್' ಎಂಬ ದೇಹಪ್ರಕೃತಿ ವೈದ್ಯ. ಈ ಕೊನೆಯದು ಲೀ ಜೆಮಾ ಎಂಬ ವೈದ್ಯ 1894ರಲ್ಲಿ ಬರೆದ ಗ್ರಂಥದಿಂದ ಬಂದದ್ದು. ಹುಟ್ಟಿನಿಂದಲೇ ಮನುಷ್ಯರಲ್ಲಿ ನಾಲ್ಕು ಪ್ರಕೃತಿಗಳಿವೆ, ಒಂದೇ ಕಾಯಿಲೆಯಾದರೂ ಪ್ರಕೃತಿಗೆ ತಕ್ಕಂತೆ ಮದ್ದು ಬೇರೆ ಎಂಬುದು ಅವನ ವಾದ. ವಾತ, ಪಿತ್ತ, ಕಫ ಎಂದು ಕೇಳಿ ಬೆಳೆದ ನಮಗೆ ಇದು ಹೊಸತೆನಿಸದು.

ಪರೀಕ್ಷಕನಿಗೆ ತಲೆನೋವು ಶುರುವಾಗುವುದು ಇಲ್ಲೇ!

ಪರೀಕ್ಷೆ ಹೇಗೆ?

ಒಂದು ಔಷಧಿ ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡುತ್ತಾರೆ. ಒಂದಕ್ಕೆ ನಿಜವಾದ ಮದ್ದು, ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ ಹುಸಿ ಮದ್ದು. ಯಾರಿಗೆ ಯಾವುದು ಸಿಕ್ಕಿತೆಂದು ರೋಗಿಗೂ ಗೊತ್ತಿರುವುದಿಲ್ಲ, ಫಲ ಅಳೆಯುವವನಿಗೂ ಗೊತ್ತಿರುವುದಿಲ್ಲ. ಇಷ್ಟೆಲ್ಲ ಏಕೆ? ಎಷ್ಟೋ ನೋವುಗಳು ತಾವಾಗಿಯೇ ಇಳಿಯುತ್ತವೆ. ಡಾಕ್ಟರು ಕೈಹಿಡಿದು ಮಾತನಾಡಿಸಿದರೇ ಅರ್ಧ ವಾಸಿಯಾಯಿತೆನಿಸುತ್ತದೆ. ಆ ಪಾಲನ್ನು ಕಳೆದು ಮದ್ದಿನ ಪಾಲೆಷ್ಟು ಎಂದು ನೋಡಬೇಕು.

ಮಾತ್ರೆಯಾದರೆ ಸರಿ, ಹಿಟ್ಟಿನ ಮಾತ್ರೆ ಕೊಡಬಹುದು. ಘಮ್ಮೆನ್ನುವ ಕಹಿ ಕಷಾಯಕ್ಕೆ ಹುಸಿ ಕಷಾಯ ಮಾಡುವುದು ಹೇಗೆ? ಚರ್ಮಕ್ಕೆ ಚುಚ್ಚುವ ಸೂಜಿಗೆ ಹುಸಿ ಸೂಜಿ ಎಲ್ಲಿಂದ ತರುವುದು? ಇದಕ್ಕೂ ಉಪಾಯ ಹುಡುಕಿದ್ದಾರೆ. ಕಂಪೆನಿ ನಾಟಕದಲ್ಲಿ ಖಳನಾಯಕ ಇರಿದಾಗ ಅಲಗು ಹಿಡಿಯೊಳಗೆ ಸೇರಿಕೊಳ್ಳುವ ಚೂರಿ ಇರುತ್ತದಲ್ಲ, ಹಾಗೆಯೇ ಚುಚ್ಚಿದಂತೆ ಭಾಸವಾಗಿ ಒಳಗೆ ಸರಿಯುವ ಸೂಜಿಗಳು ಬಂದಿವೆ. ಚರ್ಮ ದಾಟದ ಮೊಂಡು ಸೂಜಿಗಳೂ ಉಂಟು.

2013ರಲ್ಲಿ ಕೊರಿಯಾದ ಮೂರು ಆಸ್ಪತ್ರೆಗಳ ಸಂಶೋಧಕರು ದೀರ್ಘಕಾಲದ ಸೊಂಟನೋವಿನ 130 ಮಂದಿಯ ಮೇಲಿನ ಇಂಥ ಪ್ರಯೋಗವನ್ನು ಪ್ರಕಟಿಸಿದರು. 6 ವಾರಗಳಲ್ಲಿ 12 ಬಾರಿ ಚಿಕಿತ್ಸೆ. ನಿಜವಾದ ಸೂಜಿಯ ಗುಂಪಿನಲ್ಲಿ ಪ್ರತಿಯೊಬ್ಬರಿಗೂ ಅವರವರ ಲಕ್ಷಣಕ್ಕೆ ತಕ್ಕ ಬಿಂದುಗಳನ್ನು ಆರಿಸಿದ್ದರು. ಹುಸಿ ಸೂಜಿಯವರಿಗಿಂತ ಇವರ ಬಾಧೆ ಹೆಚ್ಚು ತಗ್ಗಿತ್ತು. "ನಮ್ಮದು ಒಬ್ಬೊಬ್ಬರಿಗೆ ಒಂದೊಂದು ಚಿಕಿತ್ಸೆ, ಆದ್ದರಿಂದ ಪರೀಕ್ಷೆ ಸಾಧ್ಯವೇ ಇಲ್ಲ" ಎನ್ನುವವರಿಗೆ ಇದೊಂದು ಉತ್ತರ.

ಆದರೆ ಅಲ್ಲಿಗೇ ಚಪ್ಪಾಳೆ ತಟ್ಟಬೇಡಿ. 2007ರಲ್ಲಿ ಜರ್ಮನಿಯಲ್ಲಿ ಅದೇ ಸೊಂಟನೋವಿನ 1,162 ಮಂದಿಯ ಮೇಲೆ ನಡೆದ ದೊಡ್ಡ ಪ್ರಯೋಗದ ವರದಿ ಬಂತು. 6 ತಿಂಗಳ ನಂತರ ನಿಜವಾದ ಸೂಜಿಯಿಂದ ಶೇ. 47.6 ಮಂದಿಗೆ ಗುಣ ಕಂಡಿತ್ತು, ಹುಸಿ ಸೂಜಿಯಿಂದ ಶೇ. 44.2 ಮಂದಿಗೆ. ಮಾಮೂಲಿ ಔಷಧಿ, ವ್ಯಾಯಾಮ ಪಡೆದವರಲ್ಲಿ ಶೇ. 27.4 ಮಾತ್ರ! ಈಗ ಹೇಳಿ, ಸೂಜಿ ಗೆದ್ದಿತೋ ಸೋತಿತೋ? ಮಾಮೂಲಿ ಚಿಕಿತ್ಸೆಗಿಂತ ಮೇಲು, ಆದರೆ ಎಲ್ಲಿ ಚುಚ್ಚಿದರು ಎಂಬುದರಿಂದ ಹೆಚ್ಚು ವ್ಯತ್ಯಾಸವಾದಂತಿಲ್ಲ. ಒಂದೇ ಪ್ರಶ್ನೆಗೆ ಎರಡು ಪ್ರಯೋಗಗಳು ಎರಡು ಬಗೆಯ ಉತ್ತರ ಕೊಟ್ಟಾಗ ವಿಜ್ಞಾನ ನಾಚುವುದಿಲ್ಲ, ಮೂರನೆಯದಕ್ಕೆ ಸಿದ್ಧವಾಗುತ್ತದೆ.

ಪುನಶ್ಚೇತನ ವಿಭಾಗದಲ್ಲಿ 'ಚುನಾ' ಎಂಬ ಕೈಚಿಕಿತ್ಸೆ ಇದೆ. 2019ರಿಂದ ವಿಮೆ ಇದಕ್ಕೂ ಹಣ ಕೊಡುತ್ತಿದೆ. 2021ರಲ್ಲಿ ಕುತ್ತಿಗೆ ನೋವಿನ 108 ಮಂದಿಯ ಪ್ರಯೋಗದಲ್ಲಿ, 5 ವಾರಗಳ ಚುನಾ ಪಡೆದವರು ಮಾತ್ರೆ ಮತ್ತು ವಿದ್ಯುತ್ ಚಿಕಿತ್ಸೆ ಪಡೆದವರಿಗಿಂತ ಚೆನ್ನಾಗಿ ಚೇತರಿಸಿಕೊಂಡರು. ಒಳ್ಳೆಯ ಸುದ್ದಿ. ಆದರೆ ತಮಗೆ ಯಾವ ಚಿಕಿತ್ಸೆ ಆಯಿತೆಂದು ಇಲ್ಲಿ ಎಲ್ಲರಿಗೂ ಗೊತ್ತಿತ್ತು ಎಂಬುದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ.

ಮನೋರೋಗ ವಿಭಾಗದವರ ಮುಂದಿರುವ ಒಂದು ಕಾಯಿಲೆಯ ಹೆಸರು 'ಹ್ವಾಬ್ಯೊಂಗ್'. ಅಂದರೆ ಬೆಂಕಿ ರೋಗ. ವರ್ಷಗಟ್ಟಲೆ ಸಿಟ್ಟನ್ನೂ ಅನ್ಯಾಯವನ್ನೂ ನುಂಗಿಕೊಂಡವರಿಗೆ, ಹೆಚ್ಚಾಗಿ ನಡುವಯಸ್ಸಿನ ಹೆಂಗಸರಿಗೆ, ಎದೆ ಬಿಗಿಯುತ್ತದೆ, ಮೈಯೆಲ್ಲ ಉರಿ ಏಳುತ್ತದೆ, ಗಂಟಲಲ್ಲಿ ಏನೋ ಗಂಟು ಕಟ್ಟಿದಂತಾಗುತ್ತದೆ. "ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡಿದ್ದೇನೆ" ಎಂದು ನಮ್ಮ ಹಳೆಯ ತಲೆಮಾರಿನ ಹೆಂಗಸರು ಹೇಳಿದ್ದನ್ನು ನೀವು ಕೇಳಿರಬಹುದು. 1994ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯ ಅನುಬಂಧದಲ್ಲಿ ಈ ಹೆಸರನ್ನು ಸೇರಿಸಿತು. ಜನರ ಭಾಷೆಯಲ್ಲಿದ್ದ ನೋವು ಡಾಕ್ಟರುಗಳ ಪುಸ್ತಕಕ್ಕೆ ಬಂದದ್ದು ಹೀಗೆ.

ನಪಾಸಾದ ಕಡೆ

ಇನ್ನು ಕಹಿ ಮಾತು. 2019ರಲ್ಲಿ, ಕಾರಣ ತಿಳಿಯದ ಬಂಜೆತನಕ್ಕೆ ಕಷಾಯ ಮತ್ತು ಸೂಜಿ ಕೊಟ್ಟ ಒಂದು ಅಧ್ಯಯನದ ಫಲಿತಾಂಶ ಹೊರಬಂತು. ಹಣ ಸರಕಾರದ್ದು. ಚಿಕಿತ್ಸೆ ಮುಗಿಸಿದ 90 ಮಹಿಳೆಯರಲ್ಲಿ 13 ಮಂದಿ ಗರ್ಭ ಧರಿಸಿದರು, 7 ಮಂದಿಗೆ ಮಕ್ಕಳಾದವು. ಜಯಭೇರಿ ಬಾರಿಸಿದವರೂ ಇದ್ದರು. ಆದರೆ ಅಲ್ಲಿ ಎರಡನೆಯ ಗುಂಪೇ ಇರಲಿಲ್ಲ! ಏನೂ ಮದ್ದು ತೆಗೆದುಕೊಳ್ಳದ 90 ಮಂದಿಯಲ್ಲಿ ಎಷ್ಟು ಜನ ತಾಯಂದಿರಾಗುತ್ತಿದ್ದರು? ಅದು ಗೊತ್ತಿಲ್ಲದೆ 13 ಎಂಬ ಅಂಕಿಗೆ ಅರ್ಥವೇನು? ಮಕ್ಕಳಿಲ್ಲವೆಂದು ಕೊರಗುವ ದಂಪತಿಗಳಿಗೆ ವಯಸ್ಸು ಕಾಯುವುದಿಲ್ಲ. ಸುಳ್ಳು ಭರವಸೆಯಲ್ಲಿ ಕಳೆದ ವರ್ಷಗಳನ್ನು ಯಾರೂ ತಂದುಕೊಡಲಾರರು.

2018ರಲ್ಲಿ ಸೋಲ್ ಸಮೀಪದ ಬುಚನ್‌ನಲ್ಲಿ ಜೇನ್ನೊಣದ ವಿಷದ ಚುಚ್ಚುಮದ್ದು ಪಡೆದ ಮಹಿಳೆಯೊಬ್ಬರು ಮೈಗೆ ಒಗ್ಗದೆ ತೀರಿಕೊಂಡರು. ಇನ್ನೊಂದು ಪ್ರಕರಣದಲ್ಲಿ ಕೊರಿಯಾ ವೈದ್ಯರೊಬ್ಬರು ರೋಗಿಯೊಬ್ಬಳಿಗೆ ಎರಡು ವರ್ಷಗಳಲ್ಲಿ 68 ಬಾರಿ ಅಲ್ಟ್ರಾಸೌಂಡ್ ಮಾಡಿದರು. ಗರ್ಭಕೋಶದ ಕ್ಯಾನ್ಸರು ಗೊತ್ತಾದದ್ದು ಬೇರೆ ಆಸ್ಪತ್ರೆಯಲ್ಲಿ. ಇಂಥ ವೈದ್ಯರು ಆ ಯಂತ್ರ ಮುಟ್ಟಬಹುದೇ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ, 2022ರ ಡಿಸೆಂಬರಿನಲ್ಲಿ, ಬಳಸಿದ್ದು ಅಪರಾಧವಲ್ಲ ಎಂಬ ತೀರ್ಪು ಬಂತು. ಎರಡು ಬಗೆಯ ವೈದ್ಯರ ನಡುವಿನ ಜಗಳ ಇದರಿಂದ ತಣ್ಣಗಾಗಲಿಲ್ಲ. ರೋಗಿಯ ದೃಷ್ಟಿಯಿಂದ ಮುಖ್ಯ ಪ್ರಶ್ನೆ ಒಂದೇ: ಯಂತ್ರ ಹಿಡಿದ ಕೈಗೆ ತರಬೇತಿ ಎಷ್ಟಿದೆ?

ನಮ್ಮ ಮನೆಯ ಬಾಗಿಲಿಗೆ

ಹೆಸರಿನ ಮಾತು ನೆನಪಿದೆಯೇ? 1990ರ ದಶಕದ ಆರಂಭದಲ್ಲಿ ಬೆಲ್ಜಿಯಮ್ಮಿನಲ್ಲಿ ತೂಕ ಇಳಿಸುವ ಮಾತ್ರೆ ನುಂಗಿದ ನೂರಕ್ಕೂ ಹೆಚ್ಚು ಮಂದಿಯ ಮೂತ್ರಪಿಂಡ ಕೆಟ್ಟಿತು. ಒಂದು ಚೀನೀ ಮೂಲಿಕೆಯ ಬದಲು, ಹೆಸರಿನಲ್ಲಿ ಅದನ್ನೇ ಹೋಲುವ ಇನ್ನೊಂದು ವಿಷದ ಮೂಲಿಕೆ ಮಾತ್ರೆಯೊಳಗೆ ಸೇರಿಕೊಂಡಿತ್ತು.

ಇದು ದೂರದ ಸುದ್ದಿಯಲ್ಲ. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಅಮೃತಬಳ್ಳಿಯ ಕಷಾಯ ಕುದಿಯಿತು. ಹಿಂದಿಯವರ ಗಿಲೋಯ್ ಇದೇ. 2020ರ ಕೊನೆಯ ನಾಲ್ಕು ತಿಂಗಳಲ್ಲಿ ಅದನ್ನು ಸೇವಿಸಿ ಪಿತ್ತಜನಕಾಂಗಕ್ಕೆ ಪೆಟ್ಟಾದ 6 ಮಂದಿಯ ವಿವರವನ್ನು ಮುಂಬಯಿಯ ವೈದ್ಯರು 2021ರಲ್ಲಿ ಪ್ರಕಟಿಸಿದರು. ಅವರು ಸೇವಿಸಿದ್ದು ನಿಜವಾಗಿ ಯಾವ ಗಿಡ ಎಂದು ಪರೀಕ್ಷಿಸಿಲ್ಲ ಎಂಬುದು ಆಯುಷ್ ಸಚಿವಾಲಯದ ಆಕ್ಷೇಪವಾಗಿತ್ತು. ಜಗಳ ಏನೇ ಇರಲಿ, ಗಿಡ ಯಾವುದು, ಎಷ್ಟು, ಎಷ್ಟು ದಿನ ಎಂಬ ಲೆಕ್ಕ ಬೇಕೇ ಬೇಕು ಎಂಬುದಂತೂ ಕಂಡುಬಂತು.

ಕಾಮಾಲೆಗೆ ನೆಲನೆಲ್ಲಿ ಎಂಬುದು ನಮ್ಮ ಕಡೆಯ ಹಳೆಯ ಮನೆಮದ್ದು. 1988ರಲ್ಲಿ ಮದ್ರಾಸಿನ ಸಂಶೋಧಕರು ಇದನ್ನು ಪರೀಕ್ಷೆಗೆ ಕೂರಿಸಿದರು. ನೆಲನೆಲ್ಲಿ ಪಡೆದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ಹೆಪಟೈಟಿಸ್ ಬಿ ವೈರಸಿನ ಗುರುತು ಮಾಯವಾಯಿತು, ಹುಸಿ ಮದ್ದು ಪಡೆದ 23 ಮಂದಿಯಲ್ಲಿ ಒಬ್ಬರಿಗೆ ಮಾತ್ರ. ಪ್ರಪಂಚವೇ ತಿರುಗಿ ನೋಡಿತು. ಆದರೆ ಆಮೇಲೆ ಬೇರೆಡೆ ನಡೆದ ಪ್ರಯೋಗಗಳಲ್ಲಿ ಆ ಫಲ ಮತ್ತೆ ಸಿಗಲಿಲ್ಲ. ಮದ್ರಾಸಿನವರು ಪರೀಕ್ಷಿಸದಿದ್ದರೆ ಆ ಪ್ರಶ್ನೆಯೇ ಏಳುತ್ತಿರಲಿಲ್ಲ, ಇತರರು ಮರುಪರೀಕ್ಷಿಸದಿದ್ದರೆ ಉತ್ತರ ಅರ್ಧಕ್ಕೇ ನಿಲ್ಲುತ್ತಿತ್ತು.

ಆದ್ದರಿಂದ ಮಿತ್ರರೇ, ಯಾವ ಪದ್ಧತಿಯ ಮದ್ದಿನ ಹೊಗಳಿಕೆ ಕೇಳಿದರೂ ನಾಲ್ಕು ಪ್ರಶ್ನೆ ಕೇಳಿ. ಎಷ್ಟು ಜನರ ಮೇಲೆ ನೋಡಿದ್ದಾರೆ? ಹೋಲಿಸಲು ಇನ್ನೊಂದು ಗುಂಪು ಇತ್ತೇ? ಬೇರೆಯವರು ಮಾಡಿದಾಗಲೂ ಅದೇ ಫಲ ಬಂತೇ? ತೊಂದರೆಯಾದವರ ಲೆಕ್ಕ ಇಟ್ಟಿದ್ದಾರೆಯೇ? ಮನೆಯಲ್ಲಿ ಯಾರಾದರೂ ಡಾಕ್ಟರರ ಔಷಧಿಯ ಜತೆಗೆ ಕಷಾಯವನ್ನೂ ಕುಡಿಯುತ್ತಿದ್ದರೆ ಅದನ್ನು ಡಾಕ್ಟರರಿಗೆ ಮುಚ್ಚುಮರೆಯಿಲ್ಲದೆ ಹೇಳಲು ತಿಳಿಸಿ.

ಇನ್ನೊಂದು ಕೆಲಸವನ್ನು ನಿಮ್ಮ ಹೊರತು ಬೇರೆಯವರು ಮಾಡಲಾರರು. ಈ ಬಾರಿ ರಜೆಗೆ ಊರಿಗೆ ಹೋದಾಗ ಒಂದು ನೋಟುಪುಸ್ತಕ ಒಯ್ಯಿರಿ. ಅಜ್ಜಿಯೋ ದೊಡ್ಡಮ್ಮನೋ ಬಳಸುವ ಒಂದೊಂದು ಗಿಡದ ಹೆಸರನ್ನೂ ಅವರು ಹೇಳಿದ ಹಾಗೆಯೇ ಕನ್ನಡದಲ್ಲಿ ಬರೆದುಕೊಳ್ಳಿ. ಎಲೆಯೋ ಬೇರೋ, ಎಷ್ಟು, ಯಾವುದಕ್ಕೆ ಎಂದು ಕೇಳಿ. ಗಿಡದ ಫೋಟೋ ತೆಗೆದು ಅಂಟಿಸಿ. ಕನ್ನಡ ಬರೆಯಲು ತಡವರಿಸಿದರೆ ಅಪ್ಪ ಅಮ್ಮನ ಸಹಾಯ ಪಡೆಯಿರಿ. ನಿಮ್ಮಲ್ಲಿ ಔಷಧಶಾಸ್ತ್ರ, ಸಂಖ್ಯಾಶಾಸ್ತ್ರ, ವೈದ್ಯಕೀಯ ಓದುತ್ತಿರುವವರು ಎಷ್ಟೋ ಮಂದಿ ಇದ್ದೀರಿ. ನಾಳೆ ಅವುಗಳಲ್ಲೊಂದನ್ನು ಪ್ರಯೋಗಶಾಲೆಗೆ ಒಯ್ಯಲು ಮನಸ್ಸಾದರೆ ಆ ಪುಸ್ತಕ ನಿಮ್ಮ ಮೇಜಿನ ಮೇಲಿರಲಿ.