ತಾವರೆ ಬೆಳೆಯಿರಿ, ಅಂತರಗಂಗೆ ತರಬೇಡಿ

ದೀಪಾವಳಿಯ ಲಕ್ಷ್ಮೀಪೂಜೆ ಹತ್ತಿರ ಬಂತೆಂದರೆ ಪೇಟೆಯಲ್ಲಿ ತಾವರೆ ಹೂವಿಗೆ ಎಲ್ಲಿಲ್ಲದ ಬೇಡಿಕೆ. ಉಪ್ಪಿನಬೆಟಗೇರಿಯ ರೈತರಿಗೆ ಧಾರವಾಡದ ಪೇಟೆ ದೂರವೇನಲ್ಲ. ಹೊಲದಲ್ಲಿ ಕೃಷಿಹೊಂಡ ತೋಡಿಸಿಕೊಂಡವರು, ಹೇಗೂ ನೀರು ನಿಂತಿದೆ, ನಾಲ್ಕು ಹೂವಿನ ಬಳ್ಳಿ ಬಿಡೋಣ ಎಂದುಕೊಳ್ಳುವುದು ಸಹಜ. ಯೋಚನೆ ಒಳ್ಳೆಯದೇ. ಆದರೆ ಯಾವ ಹೂವು ಎಂಬಲ್ಲಿ ಎಡವಿದರೆ ಹೊಂಡದ ಜೊತೆಗೆ ಊರ ಕೆರೆಯೂ ಕೆಡುತ್ತದೆ.

ನೀರಿನಲ್ಲಿ ಹೂದೋಟ ಮಾಡುವುದು ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಉದ್ಯಾನ, ಜಲಕ್ರೀಡೆಗಳ ವರ್ಣನೆ ಇದೆ. ಆ ಕಾಲದ ಗುಡಿಗಳ ಮೇಲ್ಛಾವಣಿಯಲ್ಲಿ ಕಲ್ಲಿನ ಕಮಲ ಅರಳಿರುವುದನ್ನು ನೀವೂ ನೋಡಿರಬಹುದು.

ಯೂರೋಪಿನವರಿಗೆ ಈ ಹುಚ್ಚು ಹಿಡಿದದ್ದು ಬಹಳ ತಡವಾಗಿ. 1849ರಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಎಂಬ ತೋಟಗಾರ ದಕ್ಷಿಣ ಅಮೆರಿಕದ ದೈತ್ಯ ನೈದಿಲೆಯನ್ನು ಇಂಗ್ಲೆಂಡಿನ ಗಾಜಿನ ಮನೆಯಲ್ಲಿ ಅರಳಿಸಿದ. ಅಂದಗಾಣಿಸಲೆಂದು ನೀರಿನ ಗಿಡಗಳು ಹೀಗೆ ಹಡಗು ಹತ್ತಿ ದೇಶದಿಂದ ದೇಶಕ್ಕೆ ಹೋದವು. ಅದೇ ದಕ್ಷಿಣ ಅಮೆರಿಕದಿಂದ ಹೊರಟ ಇನ್ನೊಂದು ಗಿಡವೇ ಅಂತರಗಂಗೆ. ಕೆಲವರು ಜಲಕುಂಭಿ ಎನ್ನುತ್ತಾರೆ. 1884ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ನಡೆದ ಹತ್ತಿಯ ದೊಡ್ಡ ಪ್ರದರ್ಶನದಲ್ಲಿ ಇದನ್ನು ಅಂದದ ಗಿಡವೆಂದು ಹಂಚಿದರೆಂದು ಹೇಳುತ್ತಾರೆ. ಹತ್ತಿಯ ಜಾತ್ರೆಯಿಂದ ಕಳೆ ಹೊರಟಿತೆಂದರೆ ಹತ್ತಿ ಬೆಳೆಯುವ ನಮಗೆ ನಗು ಬರಬೇಕೋ, ಅಳು ಬರಬೇಕೋ!

19ನೆಯ ಶತಮಾನ ಮುಗಿಯುವ ಹೊತ್ತಿಗೆ ಅದು ಬಂಗಾಳಕ್ಕೆ ಬಂತು. ಭತ್ತದ ಗದ್ದೆಗಳನ್ನೂ ದೋಣಿಯ ಹಾದಿಗಳನ್ನೂ ಮುಚ್ಚಿತು. ಕೊನೆಗೆ 1936ರಲ್ಲಿ ಅಲ್ಲಿನ ಸರಕಾರ ಅದರ ವಿರುದ್ಧ ಕಾನೂನನ್ನೇ ಮಾಡಬೇಕಾಯಿತು. ನಮ್ಮ ಉಣಕಲ್ ಕೆರೆಯನ್ನು ಅದು ಹಸಿರು ಹಾಸಿನಂತೆ ಮುಚ್ಚಿದ್ದನ್ನು ಹುಬ್ಬಳ್ಳಿಗೆ ಹೋಗಿಬರುವವರೆಲ್ಲ ಕಂಡವರೇ. 1980ರ ದಶಕದಲ್ಲಿ ಬೆಂಗಳೂರಿನ ವಿಜ್ಞಾನಿಗಳು ಈ ಗಿಡವನ್ನೇ ತಿನ್ನುವ ಸೊಂಡಿಲು ಹುಳುವನ್ನು ಹೊರದೇಶದಿಂದ ತರಿಸಿ ಕೆರೆಗಳಿಗೆ ಬಿಟ್ಟರು. ಕೆಲವು ಕೆರೆಗಳಲ್ಲಿ ಗುಣವೂ ಕಂಡಿತು. ಆದರೆ ಚರಂಡಿ ನೀರು ಸೇರುವ ಕಡೆ ಗಿಡಕ್ಕೆ ಗೊಬ್ಬರ ಸಿಕ್ಕಂತೆಯೇ.

ಗುರುತು ಸುಲಭ. ಅಂತರಗಂಗೆಯ ಎಲೆತೊಟ್ಟು ಗುಳ್ಳೆಯಂತೆ ಉಬ್ಬಿರುತ್ತದೆ, ಹೂವು ತಿಳಿನೇರಳೆ, ಬೇರು ನೀರಿನಲ್ಲಿ ತೇಲುತ್ತಿರುತ್ತದೆ. ತಾವರೆ, ನೈದಿಲೆಗಳ ಬೇರು ಕೆಸರಿನಲ್ಲಿರುತ್ತದೆ. ತಾವರೆಯ ಎಲೆ ನೀರಿನಿಂದ ಮೇಲೆದ್ದು ನಿಲ್ಲುತ್ತದೆ. ನೈದಿಲೆಯದು ಸೀಳಿದ್ದು, ನೀರಿನ ಮೇಲೇ ಮಲಗಿರುತ್ತದೆ.

ತಾವರೆಯೂ ತೀರ ಸಾಧುವಲ್ಲ. ಬಿಟ್ಟರೆ ಹೊಂಡವನ್ನೆಲ್ಲ ಆವರಿಸುತ್ತದೆ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದಲ್ಲಿ ನೇರವಾಗಿ ನೆಡಬಾರದು, ಗಡ್ಡೆಯ ಚೂಪು ಮೊಳಕೆ ಹಾಳೆಯನ್ನು ತೂತು ಮಾಡೀತು. ಅಗಲವಾದ ಸಿಮೆಂಟ್ ಬಾನಿಯೋ, ದನ ನೀರು ಕುಡಿಯದ ಹಳೆಯ ಕಲ್ಲಿನ ದೋಣಿಯೋ ಸಾಕು. ಅರ್ಧದಷ್ಟು ಕೆರೆಯ ಗೋಡು ತುಂಬಿ, ಮೇಲೆ ಗೇಣುದ್ದ ನೀರು ನಿಲ್ಲಿಸಿ, ದಿನಕ್ಕೆ ಆರು ತಾಸಾದರೂ ಬಿಸಿಲು ಬೀಳುವಲ್ಲಿ ಇಡಿ. ಹಸಿ ಸಗಣಿ ಹಾಕಿದರೆ ನೀರು ನಾರುತ್ತದೆ. ಸೊಳ್ಳೆಗೆ ನಾಲ್ಕು ಗಪ್ಪಿ ಮೀನು ಬಿಟ್ಟರಾಯಿತು.

ಗಡ್ಡೆ ಸಿಗದಿದ್ದರೆ ಬೀಜ ಹಾಕಬಹುದು. ಹೂವಿಗೆ ಹೆಚ್ಚು ಕಾಯಬೇಕಷ್ಟೆ. ಸಿಪ್ಪೆ ಕಲ್ಲಿನಷ್ಟು ಗಟ್ಟಿ. ಅದರ ಒಂದು ತುದಿಯನ್ನು ಒರಟು ಕಲ್ಲಿಗೆ ತಿಕ್ಕಿ, ಒಳಗಿನ ಬಿಳುಪು ಕಂಡೊಡನೆ ನಿಲ್ಲಿಸಿ, ನೀರಿನಲ್ಲಿ ನೆನೆಹಾಕಿ ದಿನವೂ ನೀರು ಬದಲಿಸಬೇಕು. ಚೀನಾದ ಹಳೆಯ ಕೆರೆಯಂಗಳದಲ್ಲಿ ಸಿಕ್ಕ ಸುಮಾರು 1300 ವರ್ಷದ ತಾವರೆ ಬೀಜವೂ ಮೊಳೆತದ್ದುಂಟು. ಆದ್ದರಿಂದ ಕೆರೆಯ ಹೂಳನ್ನು ಹೊಲಕ್ಕೆ ಹೇರುವಾಗ ಕರಿಯ, ಗಟ್ಟಿಯಾದ, ಉದ್ದುರುಟಿನ ಬೀಜ ಕಂಡರೆ ಎತ್ತಿಟ್ಟುಕೊಳ್ಳಿ.

ಅಂತರಗಂಗೆಯ ಬೀಜವೂ ಕೆಸರಿನಲ್ಲಿ 15 ವರ್ಷಕ್ಕೂ ಹೆಚ್ಚು ಕಾಲ ಜೀವ ಹಿಡಿದಿರಬಲ್ಲದು. ಅದನ್ನು ಹೂ ಬಿಡುವ ಮೊದಲೇ ಕಿತ್ತು, ಒಡ್ಡಿನಿಂದ ದೂರ ಒಯ್ದು, ಪೂರ್ತಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಬೇಕು. ಒಮ್ಮೆ ಕಿತ್ತೆವೆಂದು ಕೈ ತೊಳೆದುಕೊಳ್ಳದೆ, ಮುಂದಿನ ಮಳೆಗಾಲಗಳಲ್ಲೂ ವಾರಕ್ಕೊಮ್ಮೆ ಕೆರೆಯ ಅಂಚು ಸುತ್ತಿ ಬರಬೇಕು.